ಎರವಲು ಕಾರ್ಡು

ಒಂದು ವಿಮಾನಕ್ಕೆ ಒಂದು ಕಾರ್ಡು, ನನ್ನ ಕೆಲಸ ಅಷ್ಟೇ.
ಹಳದಿ ರಟ್ಟು, ಎರಡೂ ಮಗ್ಗುಲಿಗೆ ಗೆರೆ:
ಬಂದ ದಿನ, ಯಾರಿಂದ, ಯಾತಕ್ಕೆ, ಮರಳಿದ ದಿನ.
ಅಡಿಲೇಡಿನಿಂದ ಬಡಗಣಕ್ಕೆ, ತಗಡಿನ ಷೆಡ್ಡು;
ಫ್ಯಾನು ಹಾಕಿದರೆ ಕಾರ್ಡು ಹಾರುತ್ತಿದ್ದವು,
ಆರಿಸಿದರೆ ಮೊಣಕೈ ಬೆವರಿಗೆ ಶಾಯಿ ಕದಡುತ್ತಿತ್ತು.

ನಾನೂರ ಹದಿನೇಳು ಇಳಿದದ್ದು ಐವತ್ತೇಳರ ಮಾರ್ಚಿನಲ್ಲಿ.
ಬ್ರಿಟಿಷ್ ವಾಯುಪಡೆಯ ಸ್ವತ್ತು,
ಪ್ರಯೋಗದ ಇಲಾಖೆಗೆ ಎರವಲು.
ಸಾಲವಲ್ಲ, ನೋಡಿ. ಸಾಲವಾದರೆ
ಕೊಟ್ಟ ನೋಟೇ ಬೇಕೆಂದು ಯಾರೂ ಕೇಳುವುದಿಲ್ಲ.
ಎರವಲು ಹಾಗಲ್ಲ: ತಂದದ್ದನ್ನೇ ಕೊಡಬೇಕು,
ಅದೇ ಗೀರು, ಅದೇ ಕೊಂಡಿ.
ನನಗೆ ಗೊತ್ತಿತ್ತು. ಹಿಂದಿನ ತಿಂಗಳಷ್ಟೇ
ದೊಡ್ಡಮ್ಮನ ಮಗಳು ಬೆರಿಲ್‌ಳ ಮುತ್ತಿನ ಸರ ಕಡ ತಂದು
ಮದುವೆಯಾಗಿದ್ದೆ.

"ಮೈಗೆ ಉಗುರೂ ತಾಗಬಾರದು," ಅಂದ ಕಾಲಿನ್ ನೋಸ್ಕೆ,
ಫಿಟ್ಟರುಗಳಲ್ಲಿ ಹಿರಿಯ. ಅಂದವನೇ
ಎರಡನೇ ವಾರ ಅದರ ಹೊಟ್ಟೆಯಲ್ಲಿ
ಕ್ಯಾಮೆರಾಗಳಿಗೆಂದು ಮೂರು ತೂತು ಕೊರೆದ.

ಬಾಂಬಿನೊಳಗೆ ಬರಿಯ ಕಾಂಕ್ರೀಟು,
ಹೊರಗೆ ಕಪ್ಪು ಬಿಳುಪು ಚೌಕಳಿ, ಚಿತ್ರದಲ್ಲಿ ಕಾಣಲೆಂದು.
ಕೊಲ್ಲಲಾರದ್ದು ಹೇಗೆ ಬೀಳುತ್ತದೆಂದು ಅಳೆದು
ಕೊಲ್ಲುವುದು ಹೇಗೆ ಬೀಳಬೇಕೆಂದು ಬರೆಯುತ್ತಿದ್ದರು.
ಅರವತ್ತಮೂರು ಸಲ ಹೊತ್ತು ಹಾರಿತು. ಅರವತ್ತೆರಡು ಬಿದ್ದವು.
ಒಂದು ಕೊಕ್ಕೆಗೇ ಕಚ್ಚಿಕೊಂಡು ಮರಳಿ ಬಂತು,
ಬಾಗಿಲು ತೆರೆದ ಹೊಟ್ಟೆಯಿಂದ ಜೋತು.
ನ್ಯಾವಿಗೇಟರ್ ಆಲ್ವಿನ್ ಬೆಡ್ಡೋ
ನನ್ನ ಮೇಜಿನ ಅಂಚು ಹಿಡಿದು ನಿಂತ:
"ಕಾಂಕ್ರೀಟೇ ಅಂತ ತಲೆಗೆ ಗೊತ್ತಿತ್ತು ಕಣಮ್ಮ,
ಮೊಣಕಾಲಿಗೆ ಯಾರೂ ಹೇಳಿರಲಿಲ್ಲ."
ಬರೆದೆ: ಬಿಡುಗಡೆಯಾಗಲಿಲ್ಲ.
ಮೊಣಕಾಲಿಗೆ ಕಾಲಂ ಇರಲಿಲ್ಲ.

ಆಮೇಲೆ ಎಡಗಡೆಯ ರೆಕ್ಕೆ, ಮುನ್ನೂರ ಎಂಬತ್ತೆಂಟರದ್ದು.
ಎಂಜಿನ್ನು ಎರಡು ಸಲ. ಮೂಗಿನ ಗಾಜು. ಚಕ್ರ, ಲೆಕ್ಕವಿಲ್ಲ.
ಬದಲಾದಾಗಲೆಲ್ಲ ಒಂದು ಸಾಲು ನಾನೇ ಬರೆದೆ,
ದುಂಡಗೆ. ಹಿಂದಿನ ಮಗ್ಗುಲೂ ತುಂಬಿತು.

ಅರವತ್ತೊಂದರ ಚಳಿಗಾಲ, ಬಿದ್ದ ಚೂರು ಎಣಿಸುವ ಲಾರಿಗೆ
ಗುಮಾಸ್ತರು ಸಾಲದೆ ನನ್ನನ್ನೂ ಹತ್ತಿಸಿದರು.
ವೂಮೆರಾದ ಆಚೆ ದಿನವಿಡೀ
ಕೆಂಪು ಕಲ್ಲು, ಬೂದು ಪೊದೆ, ನೀರಿಲ್ಲದ ಉಪ್ಪಿನ ಕೆರೆ.
ದಾರಿ ತೋರಲು ಕೊಕತಾ ಜನದ ಒಬ್ಬ ಮುದುಕ,
ಸಂಬಳದ ಪಟ್ಟಿಯಲ್ಲಿ 'ಟಾಮ್' ಎಂದಷ್ಟೇ.
ನಿಜದ ಹೆಸರು ಕೇಳಿದೆ. ನಕ್ಕ, ಹೇಳಲಿಲ್ಲ.
ಬಂಡೆಯೊಳಗಿನ ಒಂದು ಕುಳಿ ತೋರಿಸಿದ, ನೀರು ನಿಲ್ಲುವಂಥದ್ದು.
ಅದರ ಬಾಯಿಗೆ ಸರಿಯಾಗಿ
ನಮ್ಮ ಬಾಂಬಿನ ಬಾಲ, ಚೌಕಳಿ ಇನ್ನೂ ಹೊಸದು.
"ಇದನ್ನ ಯಾವಾಗ ವಾಪಸ್ ಒಯ್ತೀರಿ?"
ಕೇಳಿದ್ದು ಜಗಳಕ್ಕಲ್ಲ, ತಾರೀಖಿಗೆ.
ವರದಿ ಮಾಡ್ತೀನಿ ಅಂದೆ. ಮಾಡಿದೆ ಕೂಡ.
ಯಾವ ಕಾರ್ಡಿಗೆ ಸೇರಿಸಬೇಕೆಂದು ತಿಳಿಯದೆ
ಆ ಹಾಳೆ ವರ್ಷವಿಡೀ ಟ್ರೇಯಲ್ಲಿತ್ತು,
ಆಮೇಲೆ ಟ್ರೇಯಲ್ಲಿರಲಿಲ್ಲ.

ಅರವತ್ತನಾಲ್ಕರಲ್ಲಿ ಲಂಡನ್ನಿನ ಕಾಗದ: ಎರವಲು ಮುಗಿಸಿ.
ನೋಸ್ಕೆ ಕೈ ಒರೆಸಿಕೊಳ್ಳುತ್ತ ಬಂದ,
"ಅವರು ಕೊಟ್ಟದ್ದರಲ್ಲಿ ಉಳಿದಿರೋದು ನಂಬರಿನ ತಗಡು,
ಪೈಲಟ್ ಸೀಟಿನ ಚೌಕಟ್ಟು. ಏನು ಕಳಿಸೋಣ?"
ಆರು ವಾರಕ್ಕೆ ಇನ್ನೊಂದು ಕಾಗದ:
ತರಿಸುವ ಖರ್ಚೇ ಹೆಚ್ಚು, ಗುರಿಗೆ ಇಟ್ಟುಕೊಳ್ಳಿ.
ಜೇಡಿ ಬಯಲಿಗೆ ಎಳೆದು ನಿಲ್ಲಿಸಿ ಹೊಡೆದರು.
ಏಳು ವರ್ಷ ಮೇಲಿಂದ ನೋಡಿದ ನೆಲ
ಅದಕ್ಕೆ ಕೊನೆಗೆ ಕಣ್ಣಿನ ಮಟ್ಟಕ್ಕೆ ಸಿಕ್ಕಿತು.

'ಮರಳಿದ ದಿನ' ಎಂಬಲ್ಲಿ ಅಡ್ಡಗೆರೆ ಎಳೆದೆ, ಸ್ಕೇಲಿಟ್ಟು.

ಬೆರಿಲ್ ಎರಡು ಸಲ ಬರೆದು ಕೇಳಿದ್ದಳು.
ದಾರ ಕಡಿದಿತ್ತು, ಹೊಸದಾಗಿ ಪೋಣಿಸಿದ್ದೆ;
ಎರಡು ಮುತ್ತು ರಂಡಲ್ ಬೀದಿಯ ಅಂಗಡಿಯವು.
ಯಾವೆರಡು ಎಂದು ಈಗ ನನಗೂ ಹೇಳಲು ಬಾರದು.
ಡ್ರಾಯರಿನಲ್ಲಿದೆ, ಹತ್ತಿಯ ಮೇಲೆ.