ಎರಡು ಸಾಲಿನ ಹಣಿಗೆ

ಶನಿವಾರ ರಾತ್ರಿ, ಮೆಂಫಿಸ್‌ನ ನಮ್ಮ ಅಡುಗೆಮನೆ.
ನಾಳೆ ಚರ್ಚು.
ಒಲೆಯ ಮೇಲೆ ಹಿತ್ತಾಳೆ ಹಣಿಗೆ ಕಾಯುತ್ತಿತ್ತು,
ಕುರ್ಚಿಯ ಮೇಲೆ ನಾನೂ ಕಾಯುತ್ತಿದ್ದೆ
ಕಿವಿ ಮಡಚಿ ಹಿಡಿದು.

‘ಅಲ್ಲಾಡಬೇಡ’ ಅಂದಳು ಅಮ್ಮ. ನಾನು ಅಲ್ಲಾಡಲಿಲ್ಲ.
ಅಲ್ಲಾಡಿದ್ದು ಅವಳ ಕೈ,
ಬೆಳಗಿನಿಂದ ಬೇರೆಯವರ ಅಂಗಿಗಳಿಗೆ ಇಸ್ತ್ರಿ ತಿಕ್ಕಿದ ಕೈ.
ಚುರ್ರ್.
ಬೆಣ್ಣೆ ಹಚ್ಚಿದಳು. ಎಡಗಿವಿಯ ಅಂಚು ಇವತ್ತಿಗೂ
ಒಣಗಿದ ಎಲೆಯ ತುದಿಯ ಹಾಗೆ ಸುರುಟಿದೆ.

ಆಮೇಲೆ ಅಮ್ಮ ನಿದ್ದೆಗೆಟ್ಟಳು ಅಂದರೆ ಸುಳ್ಳು.
ಗೊರಕೆ ಹೊಡೆದೇ ಮಲಗಿದಳು.
ಸೋಮವಾರ ಮಾತ್ರ ಮನೆಯ ಫೋರ್ಕುಗಳೆಲ್ಲ ಕಾಣೆ.
ಬಗ್ಗಿಸಿ, ತಟ್ಟಿ, ತಂತಿ ಸುತ್ತಿ
ಏನೋ ಒಂದು ಮಾಡಿಟ್ಟಿದ್ದಳು.
ವಾರವಿಡೀ ಕೈಯಲ್ಲೇ ಉಂಡೆವು,
ನನ್ನ ತಮ್ಮ ಆಸ್ಬರಿಗೆ ಅದೇ ಹಬ್ಬ.

ಎರಡನೆಯದರ ಹಲ್ಲು ಕಳಚಿ ಸೂಪಿಗೆ ಬಿತ್ತು.
ಮೂರನೆಯದು ಎತ್ತಿನ ಕೊಂಬಿನದು, ಒಲೆಯ ಮೇಲೆ ಹೊತ್ತಿ
ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಬಂದರು
ಸತ್ತವರು ಯಾರೆಂದು ಕೇಳಲು.

ಆ ನಾತದಲ್ಲೇ ಹೊಳೆಯಿತಂತೆ:
ಕೊಂಬನ್ನು ಕಾಯಿಸುವುದಾದರೂ ಯಾಕೆ?
ತಣ್ಣಗಿನ ಕೊಂಬಿನ ಉದ್ದ ಹಲ್ಲು ಮುಂದೆ ನಡೆಯಲಿ,
ನೆತ್ತಿ ಮುಟ್ಟಲಿ, ಸಿಕ್ಕನ್ನು ವಿಚಾರಿಸಿಕೊಳ್ಳಲಿ.
ಹಿತ್ತಾಳೆಯ ಗಿಡ್ಡ ಹಲ್ಲು ಹಿಂದಿನಿಂದ,
ಅಕ್ಕಿಕಾಳಿನಷ್ಟು ದೂರ ಬಿಟ್ಟು,
ಮುಂದಿನವಳು ದಾರಿ ಮಾಡಿಕೊಟ್ಟ ಮೇಲೆ.
ಹಣಿಗೆಯ ಬೆನ್ನು ಟೊಳ್ಳು, ಒಳಗೆ ನದಿಯ ಮರಳು,
ಬಿಸಿಯನ್ನು ಜಿಪುಣರ ಹಾಗೆ ಖರ್ಚು ಮಾಡುವ ಮರಳು.
ಕಾಯಿಸಿದ ಮೇಲೆ ಕೊಂಬಿನ ಸಾಲನ್ನು ಸಿಕ್ಕಿಸುವುದು,
ಬಾಗಿಲಿಗೆ ಚಿಲಕ ಹಾಕಿದ ಹಾಗೆ.

ಕಮ್ಮಾರ ಪ್ರಿವಿಟ್ ನಕ್ಕ:
‘ಲುವಿನಿಯಾ, ಇದು ಹಣಿಗೆಯೋ, ಹಂದಿಯ ದವಡೆಯೋ?’
‘ಹೇಸರಗತ್ತೆಗೆ ಲಾಳ ಹೊಡೆಯುವಾಗ
ಗೊರಸು ಎಲ್ಲಿ ಮುಗೀತು, ಮಾಂಸ ಎಲ್ಲಿ ಶುರು
ಅಂತ ನೋಡ್ತೀಯಲ್ಲ,
ನನ್ನ ಮಗಳಿಗೂ ಅಷ್ಟು ನೋಡು.’
ಅವನು ಮಾತಾಡಲಿಲ್ಲ. ಅರ ಕೈಗೆತ್ತಿಕೊಂಡ.

ಮೊದಲು ತನ್ನ ತಲೆಗೇ ಹಾಕಿಕೊಂಡಳು.
ಆಮೇಲೆ ನನ್ನದು. ನಾನು ಕಿವಿ ಹಿಡಿಯಲಿಲ್ಲ,
ಕುರ್ಚಿಯ ಅಂಚು ಹಿಡಿದಿದ್ದೆ.
ಕಿವಿಯ ಹಿಂದೆ ಬೆಚ್ಚಗೆ ಏನೋ ಹಾದುಹೋಯಿತು
ಯಾರೋ ಗುಟ್ಟು ಹೇಳಿ ಹೋದ ಹಾಗೆ.

ಪೇಟೆಂಟಿಗೆ ಬರೆಸಿದ ನಕ್ಷೆಯಲ್ಲಿ
ಚಿತ್ರ ಒಂದು, ಚಿತ್ರ ಎರಡು, ಬಾಣಗಳು, ಅಂಕಿಗಳು.
ತಲೆಯಿಲ್ಲ, ಕೂದಲಿಲ್ಲ, ಕಿವಿಯಂತೂ ಇಲ್ಲವೇ ಇಲ್ಲ.
ವಕೀಲನ ಕಾಗದದಲ್ಲಿ ಒಂದು ಪ್ರಶ್ನೆ:
ಈ ಸಾಧನದಿಂದ ಕೂದಲು ಎಷ್ಟು ಕಾಲ ನೆಟ್ಟಗಿರುತ್ತದೆ?
ಅಮ್ಮ ಪೆನ್ಸಿಲು ಕಚ್ಚಿದಳು, ಕಿಟಕಿ ನೋಡಿದಳು,
ಬರೆದಳು: ಮಳೆ ಬರುವ ತನಕ.

ಅಂಚೆಗೆ ಹೊರಟಾಗ ಹನಿಯುತ್ತಿತ್ತು.
ತಲೆವಸ್ತ್ರ ಬಿಚ್ಚಿ
ಲಕೋಟೆಗೆ ಸುತ್ತಿದಳು.