ಹತ್ತಿರದ ಕೋಟಿಗೆ

ಐದು ವರ್ಷಕ್ಕೊಮ್ಮೆ ನಮ್ಮ ಶಾಖೆಯಲ್ಲಿ
ಊರನ್ನು ಮಡಿಚಿ ಮತ್ತೆ ಬಿಚ್ಚುತ್ತೇವೆ.
ಪ್ರಾದೇಶಿಕ ಸಾರಿಗೆ ಯೋಜನೆ, ಪರಿಷ್ಕೃತ ಕರಡು, ಮೂರನೆಯದು.
ನೆಲಮಂಗಲದಿಂದ ಆನೇಕಲ್ಲಿಗೆ, ಬಿಡದಿಯಿಂದ ಹೊಸಕೋಟೆಗೆ
ಎಲ್ಲ ಸೇರಿ ಒಂದು ಎಕ್ಸೆಲ್ ಹಾಳೆ, ಆರುನೂರ ಹನ್ನೊಂದು ಸಾಲು.
ಸುರಂಗ ಒಂದು ಸಾಲು. ಮೇಲ್ಸೇತುವೆ ಒಂದು ಸಾಲು.
ಹೆಬ್ಬಾಳದಲ್ಲಿ ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ರೈಲು,
ಅದೂ ಒಂದೇ ಸಾಲು, ತುಸು ದಪ್ಪ.

ನಾನು ಹೊರಗುತ್ತಿಗೆಯವಳು.
ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನೂ ಪರಿಷ್ಕರಿಸುತ್ತಾರೆ.
ಬಂದ ಆಕ್ಷೇಪಣೆಗಳನ್ನು ಓದಿ, ಕಡೆಯ ಕಾಲಮ್ಮಿನಲ್ಲಿ
‘ಗಮನಿಸಲಾಗಿದೆ’ ಎಂದು ಟೈಪಿಸುವುದು ನನ್ನ ಕೆಲಸ.
ನಾಲ್ಕು ಸಾವಿರ ಸಲ ಆದಮೇಲೆ
‘ಗ’ ಒತ್ತಿದರೆ ಸಾಕು,
ಉಳಿದದ್ದನ್ನು ಯಂತ್ರವೇ ಗಮನಿಸುತ್ತದೆ.

ಮುನಿಲಕ್ಷ್ಮಮ್ಮನ ಅರ್ಜಿ ಗೆರೆಹಾಳೆಯಲ್ಲಿ ಬಂತು.
ಒಂಬತ್ತನೇ ಕ್ಲಾಸಿನ ಮಗಳ ಅಕ್ಷರ,
ತಲೆಬರಹದಡಿ ಸ್ಕೆಚ್ ಪೆನ್ನಿನ ಎರಡು ಗೆರೆ.
“ನಾಯಂಡಹಳ್ಳಿ ಸ್ಟಾಪಿನಿಂದ ಗಾರ್ಮೆಂಟ್ಸ್ ಗೇಟಿಗೆ
ಮುನ್ನೂರ ಹನ್ನೆರಡು ಹೆಜ್ಜೆ. ಅಮ್ಮ ಎಣಿಸಿದ್ದಾರೆ.
ಎಪ್ಪತ್ತು ಹೆಜ್ಜೆ ಮಾತ್ರ ಫುಟ್‌ಪಾತು.
ಮಿಕ್ಕಿದ್ದು ಮೋರಿ, ಟ್ರಾನ್ಸ್‌ಫಾರ್ಮರು, ಲಾರಿ.
ಸರಸಕ್ಕ ಕಾಲು ಮುರಿದುಕೊಂಡದ್ದು ಇನ್ನೂರನೇ ಹೆಜ್ಜೆಯಲ್ಲಿ.
ದಯವಿಟ್ಟು ಯೋಜನೆಯಲ್ಲಿ ಸೇರಿಸಿ.”

‘ಗ’ದ ಮೇಲೆ ಬೆರಳಿತ್ತು. ಒತ್ತಲಾಗಲಿಲ್ಲ.
ಹಾಳೆ ಎತ್ತಿಕೊಂಡು ತಿಪ್ಪೇರುದ್ರಪ್ಪ ಸಾರ್ ಟೇಬಲ್ಲಿಗೆ ಹೋದೆ.
ಅವರು ಎರಡು ಸಲ ಓದಿದರು, ನಕ್ಕರು:
“ಸೇರಿಸಮ್ಮ, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.”
ಹಾಗೆ ಹುಟ್ಟಿತು ಆರುನೂರ ಹನ್ನೆರಡನೇ ಸಾಲು,
ಪಾದಚಾರಿ ಮಾರ್ಗ, ಮೂವತ್ತೆಂಟು ಲಕ್ಷ.

ಶನಿವಾರ ಮೇಲಿನಿಂದ ಫೋನು.
ಲಕ್ಷಗಳು ಬೇಡ, ಕಣ್ಣಿಗೆ ಚುಚ್ಚುತ್ತವೆ,
ಎಲ್ಲವನ್ನೂ ಹತ್ತಿರದ ಕೋಟಿಗೆ ದುಂಡಾಗಿಸಿ.
ಕನ್ಸಲ್ಟೆಂಟ್ ಹುಡುಗ ಸೂತ್ರ ಬರೆದು
ಮೌಸ್ ಹಿಡಿದು ಕೆಳಕ್ಕೆ ಎಳೆದ.
ಸುರಂಗಕ್ಕೆ ಕೇಳದೆಯೇ ಇಪ್ಪತ್ತೊಂಬತ್ತು ಲಕ್ಷ ಸಿಕ್ಕಿತು.
ನಮ್ಮ ಸಾಲಿಗೆ ಸೊನ್ನೆ.
ಸೊನ್ನೆ ರೂಪಾಯಿಯ ಫುಟ್‌ಪಾತು,
ಕಾಮಗಾರಿ ಅವಧಿ ಹದಿನೆಂಟು ತಿಂಗಳು!
ಸೊನ್ನೆ ಸಾಲುಗಳನ್ನು ತಾನಾಗಿ ಅಳಿಸುವ ಸೂತ್ರವೂ ಇದೆಯಂತೆ,
ಸೋಮವಾರ ಹಾಕುತ್ತಾನಂತೆ.

ಭಾನುವಾರ ಅಕ್ಕಿ ಆರಿಸುತ್ತಾ ಕೂತೆ.
ನಲವತ್ತೊಂಬತ್ತಾದರೆ ಕೆಳಗೆ ಬೀಳುತ್ತದೆ,
ಐವತ್ತಾದರೆ ಮೇಲಕ್ಕೇರುತ್ತದೆ.
ನಡುವೆ ಇರುವುದು ಒಂದು ಲಕ್ಷ,
ನನ್ನ ಏಳು ತಿಂಗಳ ಸಂಬಳ.

ಸೋಮವಾರ ಎಲ್ಲರಿಗಿಂತ ಮುಂಚೆ ಬಂದೆ.
ಮೋರಿಗೆ ಚಪ್ಪಡಿ, ಒಂಬತ್ತು.
ಬೀದಿದೀಪ, ಮೂರು.
ಭಯಕ್ಕೆ ಇನ್ನೊಂದು ಲಕ್ಷ. ಅದಕ್ಕೆ
‘ನೆರಳಿಗಾಗಿ ಹೊಂಗೆ ಸಸಿ’ ಎಂದು ಹೆಸರಿಟ್ಟೆ.
ಐವತ್ತೊಂದು.

ತಿಪ್ಪೇರುದ್ರಪ್ಪ ಸಾರ್ ಸಾಲನ್ನು ನೋಡಿದರು, ನನ್ನನ್ನು ನೋಡಿದರು.
ಕನ್ನಡಕ ತೆಗೆದು ಪಂಚೆಗೆ ಒರೆಸುವವರಂತೆ
ಪ್ಯಾಂಟಿಗೆ ಒರೆಸಿದರು.
“ಹೊಂಗೆ ಆಗುತ್ತೆ. ವೈರಿನ ಕೆಳಗೆ ಬೇಡ ಅಂತ ಬರಿ.”
ಸಹಿ.

ಈಗ ಅದು ಒಂದು ಕೋಟಿ.
ಮುದ್ರಿತ ಪ್ರತಿಯಲ್ಲಿ ಸುರಂಗದಷ್ಟೇ ಎತ್ತರದ ಅಕ್ಷರ.
ಕಡೆಯ ಕಾಲಮ್ಮಿನಲ್ಲಿ ‘ಸೇರಿಸಲಾಗಿದೆ’;
ಯಂತ್ರಕ್ಕೆ ಆ ಪದ ಗೊತ್ತಿರಲಿಲ್ಲ,
ಒಂದೊಂದೇ ಅಕ್ಷರ ಒತ್ತಿದೆ.
ಹಂತ: ನಾಲ್ಕು.
ನಾಲ್ಕನೇ ಹಂತಕ್ಕೆ ಇಸವಿ ಇಲ್ಲ.
ನನಗೂ ಮಾರ್ಚ್‌ವರೆಗೆ ಮಾತ್ರ.

ಸಂಜೆ ಕಚೇರಿಯಿಂದ ಬಸ್ ಸ್ಟಾಪಿಗೆ
ಸುಮ್ಮನೆ ಎಣಿಸುತ್ತಾ ನಡೆದೆ.
ನೂರ ನಲವತ್ತೊಂದಕ್ಕೆ ಕಲ್ಲು ಅಲುಗಿತು,
ಲೆಕ್ಕ ತಪ್ಪಿತು.
ನಾಳೆ ಮೊದಲಿನಿಂದ.