ಎರಡು ಅಂಕದ ಹುಲ್ಲುಗಾವಲು

ಮೈಲೂರಿನ ಮನೆಗೆ ವಾಪಸು ಬಂದು ಮೂರು ದಿನ.
ಬೆಳಗಾದರೆ ವಾಯುಪಡೆಯ ಹುಡುಗರು
ಬೀದರದ ಆಕಾಶ ಹರಿದು ಹೊಲಿಯುವ ಸದ್ದಿಗೆ ಎದ್ದು ಕೂತು
ಎಲ್ಲಿದ್ದೇನೆ ತಿಳಿಯದೆ
ಸೊಳ್ಳೆಪರದೆಗೆ ಕೈ ಚಾಚುತ್ತೇನೆ. ಪರದೆ ಇಲ್ಲ.
ಬೀಳ್ಕೊಡುಗೆಗೆ ಕೊಟ್ಟ ಗಡಿಯಾರ ಇದೆ ಗೋಡೆಯ ಮೇಲೆ,
ನನಗಿಂತ ಎರಡೂವರೆ ತಾಸು ಮುಂದೆ.

ಮೂವತ್ತೊಂದು ವರ್ಷ ನಾನು ಕಲಿಸಿದ ಹುಲ್ಲುಗಾವಲು
ಎರಡು ಅಂಕದ್ದು:
ಎತ್ತರದ ಹುಲ್ಲು, ಅಲ್ಲಲ್ಲಿ ಮರ, ಕೊಡೆಯಾಕಾರ.
'ಕೊಡೆಯಾಕಾರ' ಬಿಟ್ಟವರಿಗೆ ಅರ್ಧ ಕಡಿತ.
ನಿವೃತ್ತಿಯ ಗಂಟಿನಲ್ಲಿ ಒಂದಿಷ್ಟು ಮುರಿದು
ಹೈದರಾಬಾದಿನ ಟೂರಿನವರ ಜೊತೆ ಹೋದದ್ದು
ಆ ಅರ್ಧ ಅಂಕ ಕಣ್ಣಾರೆ ನೋಡಲಿಕ್ಕೆ.

ಇತ್ತು. ಕೊಡೆಯಾಕಾರವೇ.
ಕೆಳಗೆ ನೆರಳಲ್ಲಿ ಸಿಂಹ ಬಿದ್ದುಕೊಂಡಿತ್ತು
ತಹಸೀಲ್ ಕಚೇರಿಯ ಮಧ್ಯಾಹ್ನದ ಹಾಗೆ.

ಆರನೇ ದಿನಕ್ಕೆ ಎಲ್ಲರಿಗೂ ಸಾಕಾಗಿತ್ತು.
ಝೀಬ್ರಾ ಅಂದರೆ ಯಾರೂ ತಲೆ ಎತ್ತಲಿಲ್ಲ.
ಮೊದಲ ದಿನ ಒಂದು ಬಾಲ ಕಂಡದ್ದಕ್ಕೆ
ಜೀಪಿನಲ್ಲಿ ಎದ್ದುನಿಂತು ಚೀರಿದವರು ಇವರೇ.
ಪದ್ಮಜಾ ರೆಡ್ಡಿ ಈಗ ಮೊಬೈಲಿನಲ್ಲಿ
ಮೊಮ್ಮಗನ ಹೊಸ ಹಲ್ಲು ನೋಡುತ್ತಿದ್ದರು,
ಅವರ ಯಜಮಾನರು ಮರದ ಜಿರಾಫೆಯ ಕಾಲನ್ನು
ಸೂಟ್‌ಕೇಸಿನ ಮೂಲೆಯಿಂದ ಮೂಲೆಗೆ ಅಳೆಯುತ್ತಿದ್ದರು.
ನನಗೂ ಅಷ್ಟೇ. ಬೇಜಾರಲ್ಲ, ತುಂಬಿದ ಕೊಡ.
ಪ್ರಾಣಿ ಬಿಟ್ಟು ನೆಲ ನೋಡುತ್ತ ಕೂತೆ.

ತ್ಸಾವೋದ ನೆಲ ಕೆಂಪು.
ಆನೆಗಳು ಅದನ್ನೇ ಮೈಗೆಲ್ಲ ಎರಚಿಕೊಂಡು ಬರುತ್ತವೆ,
ನಮ್ಮ ಕೋಟೆಯ ಗೋಡೆಗೆ
ಕಾಲು ಮೂಡಿದ ಹಾಗೆ.
"ಇದು ನಮ್ಮೂರ ಮಣ್ಣು" ಅಂದೆ ಡ್ರೈವರ್ ಮುಟುವಾಗೆ.
ನಕ್ಕ. ಕೊನೆಯ ದಿನ ಎಲ್ಲ ಪ್ರವಾಸಿಗರೂ
ಇಂಥದೇ ಏನಾದರೂ ಹೇಳುತ್ತಾರಂತೆ.

ಆ ಸಂಜೆ ಡಬ್ಬಿಯಲ್ಲಿ ಉಳಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ
ಅವನ ಕೈಗಿಟ್ಟೆ. ಕಟಕ್ ಅಂತ ಮುರಿದ.
ಸದ್ದಿಗೆ ದೂರದ ಜಿಂಕೆಯೊಂದು ಕಿವಿ ತಿರುಗಿಸಿತು.
ಅಗಿಯುತ್ತಲೇ ಕೇಳಿದ, ಸುಮ್ಮನೆ, ಮಾತಿಗೆ:
ನಿಮ್ಮೂರಿಗೆ ನಮ್ಮ ಕಡೆಯವರು ಯಾರಾದರೂ ಬಂದದ್ದುಂಟಾ?

ನಾನು ಬಾಯಿ ತೆರೆದೆ.

ಪ್ರತಿ ಜನವರಿ, ಏಳನೇ ತರಗತಿ, ಇಬ್ಬಿಬ್ಬರ ಸಾಲು,
ಹಬ್ಶಿಕೋಟದ ಗುಡ್ಡಕ್ಕೆ ಕರೆದೊಯ್ದವಳು ನಾನೇ.
ಗೋರಿಯ ಕಟ್ಟೆಯ ಮೇಲೆ ಸುಸಲಾ ಬುಟ್ಟಿ ಇಳಿಸಿದವಳು.
ತಲೆ ಎಣಿಸಿದೆ, ತಟ್ಟೆ ಎಣಿಸಿದೆ.
ಹಬ್ಶಿ ಅಂದ್ರ ಯಾರ್ರೀ ಟೀಚರ್, ಅಂದವನಿಗೆ
ಮೊದಲು ಕೈ ತೊಳಕೋ ಅಂದೆ.

"ಬಂದಿದ್ದರು" ಅಂದೆ ಮುಟುವಾಗೆ. "ಅಲ್ಲೇ ಇದ್ದಾರೆ."
ನಿಜ, ಅಬಿಸೀನಿಯ ಬೇರೆ, ಇವನ ದೇಶ ಬೇರೆ,
ನಕಾಶೆಯಲ್ಲಿ ನಡುವೆ ದಪ್ಪ ಗೆರೆ;
ಹುಡುಗರು ಬರೆದಿದ್ದರೆ ಅಂಕ ಕಳೆಯುತ್ತಿದ್ದೆ.
ಅವನು ಕಳೆಯಲಿಲ್ಲ. ಇನ್ನೊಂದು ರೊಟ್ಟಿ ಕೇಳಿದ.

ಇವತ್ತು ಆಟೋ ಹಿಡಿದೆ. ಝರೆಪ್ಪನ ಆಟೋ,
ತೊಂಬತ್ತೆಂಟರ ಬ್ಯಾಚು, ಕಿಟಕಿಯ ಬೆಂಚು.
"ಹಬ್ಶಿಕೋಟಕ್ಕ ಯಾಕ್ರೀ ಟೀಚರ್, ಇಂಥಾ ಬಿಸಲಾಗ?"
ಬೂಟು ಜಾಡಿಸೋಕೆ ಅಂತ ಹೇಗೆ ಹೇಳಲಿ?
ಹೊಲಿಗೆಯ ಸಂದಿಯಲ್ಲಿ ತ್ಸಾವೋ ಇನ್ನೂ ಇದೆ
ಅಂದುಕೊಂಡು ಹತ್ತಿದೆ, ಮಂಡಿ ಹಿಡಿದು ಹಿಡಿದು.
ಮೇಲೆ ಬಗ್ಗಿ ನೋಡಿದರೆ
ಅಲ್ಲಿನದು ಯಾವುದು, ಈಗ ಹತ್ತಿದ್ದು ಯಾವುದು,
ಮೂವತ್ತೊಂದು ವರ್ಷ ಮಣ್ಣಿನ ವಿಧ ಕಲಿಸಿದವಳಿಗೆ
ಹೇಳಲಾಗಲಿಲ್ಲ.

ಝರೆಪ್ಪ ಕಟ್ಟೆಯ ಮೇಲೆ ಕೂರಲು ಹೋಗಿ
ನನ್ನ ಮುಖ ನೋಡಿ ಹಾಗೇ ನಿಂತ.
ಅವತ್ತು ಕೇಳಿದವನು ಇವನೇನಾ? ನೆನಪಿಲ್ಲ.
ಅವನಿಗೂ ಇಲ್ಲ. ಅವನಿಗೆ ನೆನಪಿರುವುದು
ಆ ವರ್ಷದ ಸುಸಲಾಕ್ಕ ಉಪ್ಪು ಕಡಿಮಿ ಇತ್ತು ಅನ್ನೋದು.

ನೀರಿನ ಬಾಟಲಿ ಅವನ ಕಡೆ ಚಾಚಿದೆ.
"ನೆರಳಿಗೆ ಬಾ. ಒಂದು ಪಾಠ ಬಾಕಿ ಅದ.
ಉದ್ದ ಅದ ಮತ್ತ.
ವೇಟಿಂಗ್ ಹಾಕ್ಕೋ."